ಹಳೆಯ ಲಾಂಗ್-ರೇಂಜ್ ಬಿಸಿನೆಸ್ ಜೆಟ್: ಆಸೆ ಯಾಕೆ, ಆಯ್ಕೆ ಹೇಗೆ

ಗಲ್ಫ್‌ಸ್ಟ್ರೀಮ್ ಜಿ-ಫೋರ್ ಮೊದಲ ಸಲ ಹಾರಿದ್ದು 1985ರಲ್ಲಿ. ಹೊಸದಾಗಿದ್ದಾಗ ಅದರ ಬೆಲೆ ಕೋಟಿಗಟ್ಟಲೆ ಡಾಲರ್. ಅದೇ ವಿಮಾನ ಇವತ್ತು ಆ ಬೆಲೆಯ ಹತ್ತನೇ ಒಂದು ಪಾಲಿಗೋ, ಅದಕ್ಕೂ ಕಡಿಮೆಗೋ ಸಿಗುತ್ತದೆ. ಕ್ಯಾಬಿನ್ ಕುಗ್ಗಿಲ್ಲ. ಮೊಟ್ಟೆಯಾಕಾರದ ದೊಡ್ಡ ಕಿಟಕಿಗಳು ಹಾಗೇ ಇವೆ. ಅಟ್ಲಾಂಟಿಕ್ ದಾಟುವ ತಾಕತ್ತೂ ಹಾಗೇ ಇದೆ. ಇಷ್ಟೇ ದುಡ್ಡಿಗೆ ಹೊಸದು ಬೇಕೆಂದರೆ ತಲೆ ಬಗ್ಗಿಸಿ ಒಳಗೆ ಹೋಗಬೇಕಾದ ಸಣ್ಣ ಜೆಟ್ ಬರುತ್ತದೆ, ಅದೂ ಕಷ್ಟದಲ್ಲಿ. ಆಸೆ ಹುಟ್ಟದೆ ಇರುತ್ತಾ?

ಇಂಥ ಜೆಟ್ ನಿಜವಾಗಿ ಕೊಳ್ಳುವವರು ಬೆರಳೆಣಿಕೆಯಷ್ಟು ಜನ. ಆದರೂ ಆ ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿದುಕೊಳ್ಳುವುದು ವಿಮಾನದ ಹುಚ್ಚಿರುವ ಯಾರಿಗೂ ಮಜಾ ಕೊಡುತ್ತದೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆನೆ ಕೊಳ್ಳುವುದು ಸುಲಭ, ಮೇವು ಹಾಕುವುದು ಕಷ್ಟ. ಜಾಹೀರಾತಿನಲ್ಲಿ ಕಾಣುವ ಬೆಲೆ ಈ ಇಡೀ ವ್ಯವಹಾರದ ತೀರಾ ಚಿಕ್ಕ ಅಂಕಿ. ನೀವು ದುಡ್ಡು ಕೊಟ್ಟು ಕೊಳ್ಳುವುದು ಆ ವಿಮಾನದಲ್ಲಿ ಉಳಿದಿರುವ ಸಮಯವನ್ನು. ಎಂಜಿನ್‌ನಲ್ಲಿ ಎಷ್ಟು ಗಂಟೆ ಉಳಿದಿದೆ, ದೊಡ್ಡ ತಪಾಸಣೆಗೆ ಎಷ್ಟು ತಿಂಗಳಿದೆ, ಕಾನೂನು ಅದನ್ನು ಎಷ್ಟು ವರ್ಷ ಹಾರಲು ಬಿಡುತ್ತದೆ. ಕೆಳಗಿನ ಹಂತಗಳೆಲ್ಲ ಆ ಉಳಿಕೆಯನ್ನು ಅಳೆಯುವುದಕ್ಕೆ.

## ಹಂತ 1: ವರ್ಷಕ್ಕೆ ಎಷ್ಟು ಗಂಟೆ ಹಾರುತ್ತೀರಿ?

ಮಾದರಿ, ಬಣ್ಣ, ಸೀಟು ಎಲ್ಲ ಆಮೇಲೆ. ಮೊದಲು ಈ ಪ್ರಶ್ನೆಗೆ ಉತ್ತರ ಬರೆದಿಡಿ. ಹಳೆಯ ಜೆಟ್ ನಿಮಗೆ ಹೊಂದುತ್ತದೋ ಇಲ್ಲವೋ ಎಂಬುದು ಮುಕ್ಕಾಲು ಪಾಲು ಇದರಲ್ಲೇ ತೀರ್ಮಾನ ಆಗುತ್ತದೆ.

ಒಂದು ಕಲ್ಪನೆಯ ಲೆಕ್ಕ ಮಾಡೋಣ. ಹೊಸ ಜೆಟ್‌ನ ಬೆಲೆ 4 ಕೋಟಿ ಡಾಲರ್ ಅಂತ ಇಟ್ಟುಕೊಳ್ಳಿ. ಐದು ವರ್ಷದಲ್ಲಿ ಅದರ ಬೆಲೆ ಒಂದೂವರೆ ಕೋಟಿ ಇಳಿಯಿತು. ಅಂದರೆ ವರ್ಷಕ್ಕೆ 30 ಲಕ್ಷ. ಹಳೆಯದನ್ನು 50 ಲಕ್ಷ ಡಾಲರ್‌ಗೆ ಕೊಂಡಿರಿ. ಐದು ವರ್ಷದಲ್ಲಿ ಅದು ಪೂರ್ತಿ ಸೊನ್ನೆಯಾಯಿತು ಅಂತಲೇ ಹಿಡಿಯೋಣ. ಆಗಲೂ ವರ್ಷಕ್ಕೆ 10 ಲಕ್ಷ ಮಾತ್ರ.

ವರ್ಷಕ್ಕೆ 150 ಗಂಟೆ ಹಾರಿದರೆ ಹೊಸದರಲ್ಲಿ ಬೆಲೆ ಇಳಿತವೇ ಗಂಟೆಗೆ 20,000 ಡಾಲರ್. ಹಳೆಯದರಲ್ಲಿ ಸುಮಾರು 6,700. ನಡುವೆ 13,000 ಡಾಲರ್‌ಗೂ ಜಾಸ್ತಿ ಅಂತರ. ಹಳೆಯ ಎಂಜಿನ್ ಎಷ್ಟೇ ಇಂಧನ ಕುಡಿದರೂ, ರಿಪೇರಿ ಎಷ್ಟೇ ಬಂದರೂ, ಈ ಅಂತರವನ್ನು ತಿಂದು ಮುಗಿಸುವುದು ಕಷ್ಟ. ಈಗ ಅದೇ ಲೆಕ್ಕವನ್ನು 500 ಗಂಟೆಗೆ ಹಾಕಿ. ಹೊಸದು ಗಂಟೆಗೆ 6,000, ಹಳೆಯದು 2,000. ಅಂತರ 4,000ಕ್ಕೆ ಇಳಿಯಿತು. ಜಾಸ್ತಿ ಇಂಧನ, ಜಾಸ್ತಿ ಬಿಡಿಭಾಗ, ವಿಮಾನ ಹ್ಯಾಂಗರ್‌ನಲ್ಲಿ ಕೂತಾಗ ತರಬೇಕಾದ ಬಾಡಿಗೆ ಜೆಟ್, ಇವೆಲ್ಲ ಸೇರಿ ಆ ನಾಲ್ಕು ಸಾವಿರವನ್ನು ಆರಾಮಾಗಿ ನುಂಗುತ್ತವೆ. ಇದರ ಮೇಲೆ 4 ಕೋಟಿ ಡಾಲರ್ ಕಟ್ಟಿಹಾಕಿದ್ದಕ್ಕೆ ಬಡ್ಡಿಯ ಲೆಕ್ಕವೂ ಇದೆ. ಕಡಿಮೆ ಹಾರುವವರಿಗೆ ಅದೂ ಹಳೆಯದೇ ಸರಿ ಅನ್ನುತ್ತದೆ.

ಹಾಗಾಗಿ ನನ್ನ ಅಭಿಪ್ರಾಯ ಸರಳ. ವರ್ಷಕ್ಕೆ ನೂರರಿಂದ ಇನ್ನೂರೈವತ್ತು ಗಂಟೆ ಹಾರುವವರಿಗೆ ಹಳೆಯ ದೊಡ್ಡ ಜೆಟ್ ಒಳ್ಳೆಯ ಯೋಚನೆ. ನಾನೂರು ದಾಟಿದರೆ ಹೊಸದರ ಕಡೆ ನೋಡಿ. ಐವತ್ತು ಗಂಟೆಯೂ ಆಗುವುದಿಲ್ಲ ಎಂದರೆ ವಿಮಾನವೇ ಬೇಡ, ಬಾಡಿಗೆಗೆ ತೆಗೆದುಕೊಳ್ಳಿ.

## ಹಂತ 2: ದೂರವನ್ನು ಗಾಳಿ ಸೇರಿಸಿ ಅಳೆಯಿರಿ

ಕಂಪನಿಯ ಕೈಪಿಡಿಯಲ್ಲಿ ಬರೆದ ರೇಂಜ್, ಅಂದರೆ ಒಂದೇ ಸಲಕ್ಕೆ ಹಾರಬಲ್ಲ ದೂರ, ಗಾಳಿಯೇ ಇಲ್ಲದ ದಿನದ್ದು. ಎಂಟು ಜನ ಪ್ರಯಾಣಿಕರು, ಸುಮಾರು 460 ನಾಟ್ ವೇಗ (ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ), ಅಂದರೆ ಶಬ್ದದ ವೇಗದ ನೂರಕ್ಕೆ 80 ಪಾಲು, ಜೊತೆಗೆ ಮೀಸಲು ಇಂಧನ. ಇದು ಸಾಮಾನ್ಯವಾಗಿ ಕಾಣುವ ಷರತ್ತು. ಆಕಾಶ ಮಾತ್ರ ಈ ಷರತ್ತಿಗೆ ಸಹಿ ಹಾಕಿಲ್ಲ.

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಸುಮಾರು 3,000 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿಲೋಮೀಟರ್. ಇಲ್ಲಿಂದ ಮುಂದೆ ಮೈಲಿ ಎಂದರೆಲ್ಲ ನಾಟಿಕಲ್ ಮೈಲಿಯೇ. ಚಳಿಗಾಲದಲ್ಲಿ ಪಶ್ಚಿಮಕ್ಕೆ ಹೋಗುವಾಗ ಸರಾಸರಿ 80 ನಾಟ್ ಎದುರು ಗಾಳಿ ಬಂತು ಅಂದುಕೊಳ್ಳಿ. 460 ನಾಟ್‌ನ ವಿಮಾನ ನೆಲದ ಲೆಕ್ಕದಲ್ಲಿ 380 ನಾಟ್‌ಗೆ ಇಳಿಯುತ್ತದೆ. ಆರೂವರೆ ಗಂಟೆಯ ಪ್ರಯಾಣ ಎಂಟು ಗಂಟೆಯ ಹತ್ತಿರ ಹೋಗುತ್ತದೆ. ಗಾಳಿ ಇಲ್ಲದ ದಿನ 3,600 ಮೈಲಿ ಹಾರಿದಷ್ಟು ಇಂಧನ ಖರ್ಚಾಗುತ್ತದೆ. 4,000 ಮೈಲಿಯ ವಿಮಾನಕ್ಕೆ ಇದು ಸಲೀಸು. 3,500ರದ್ದು ನಡುದಾರಿಯಲ್ಲಿ ಇಳಿದು ಇಂಧನ ತುಂಬಿಸಿಕೊಳ್ಳಬೇಕು.

ನ್ಯೂಯಾರ್ಕ್–ಟೋಕಿಯೊ ದಾರಿ 5,850 ಮೈಲಿಯ ಆಸುಪಾಸು. ಗಲ್ಫ್‌ಸ್ಟ್ರೀಮ್ ಜಿ-ಫೈವ್‌ನ ರೇಂಜ್ 6,500 ಅಂತ ಹೇಳುತ್ತಾರೆ. ಸಾಕಲ್ವಾ ಅನ್ನಿಸುತ್ತದೆ. ಸರಾಸರಿ 50 ನಾಟ್ ಎದುರು ಗಾಳಿ ಬಂದರೆ ಬೇಕಾಗುವುದು ಸುಮಾರು 6,560. ಅವತ್ತು ಇಂಧನಕ್ಕೆ ಅಲಾಸ್ಕಾದ ಆಂಕೊರೇಜ್‌ನಲ್ಲಿ ಇಳಿಯಲೇಬೇಕು.

ಈಗ ನಿಮ್ಮ ನಿಜವಾದ ದಾರಿಗಳನ್ನು ಪಟ್ಟಿ ಮಾಡಿ. ಅತಿ ದೂರದ ದಾರಿಗೆ ವರ್ಷಕ್ಕೆ ಎಷ್ಟು ಸಲ ಹೋಗುತ್ತೀರಿ ಅಂತ ನೋಡಿ. ಎರಡೇ ಸಲ ಎಂದರೆ ಅದಕ್ಕೋಸ್ಕರ ದೊಡ್ಡ ವಿಮಾನ ಸಾಕಬೇಡಿ. ಇಂಧನಕ್ಕೆ ಒಮ್ಮೆ ಇಳಿದರೆ ಒಂದು ಗಂಟೆ ಹೋಗುತ್ತದೆ, ಅಷ್ಟೇ. ಹೆಮ್ಮೆಗೆ ರೇಂಜ್ ಕೊಳ್ಳುವವರು ಈ ಮಾರುಕಟ್ಟೆಯಲ್ಲಿ ತುಂಬಾ ಜನ ಇದ್ದಾರೆ.

## ಹಂತ 3: ಮಾದರಿ ಆರಿಸಿ

ಗಲ್ಫ್‌ಸ್ಟ್ರೀಮ್ ಜಿ-ಫೋರ್ ಮತ್ತು ಜಿ-ಫೋರ್ ಎಸ್‌ಪಿ. 1987ರಲ್ಲಿ ಪ್ರಮಾಣಪತ್ರ ಸಿಕ್ಕ ವಿಮಾನ. ರೋಲ್ಸ್-ರಾಯ್ಸ್ ಟೇ ಎಂಜಿನ್ ಎರಡು. ರೇಂಜ್ 4,200 ಮೈಲಿ ಆಸುಪಾಸು. ಕ್ಯಾಬಿನ್ ಸುಮಾರು 13.7 ಮೀಟರ್ ಉದ್ದ, 2.2 ಮೀಟರ್ ಅಗಲ. ಸಾಮಾನಿನ ಕೋಣೆಗೆ ಹಾರುತ್ತಿರುವಾಗಲೇ ಒಳಗಿಂದ ಹೋಗಬಹುದು. ಎಂಟು ಗಂಟೆ ಕೂರುವವರಿಗೆ ಇದು ಸಣ್ಣ ಸೌಲಭ್ಯವಲ್ಲ. ಈ ಕುಟುಂಬದ ವಿಮಾನಗಳು ನೂರಾರು ತಯಾರಾದವು. ಆದ್ದರಿಂದ ಬಿಚ್ಚಿಟ್ಟ ವಿಮಾನಗಳಿಂದ ಬರುವ ಬಿಡಿಭಾಗ ಸಾಕಷ್ಟಿದೆ. ಕೊರತೆ ಎಂದರೆ ಹೊಟ್ಟೆಬಾಕತನ. ಗಂಟೆಗೆ ಸುಮಾರು 1,800 ಲೀಟರ್ ಇಂಧನ ಬೇಕು.

ಡಸಾಲ್ಟ್ ಫಾಲ್ಕನ್ 900ಇಎಕ್ಸ್. 1990ರ ದಶಕದ ಮಧ್ಯದಲ್ಲಿ ಬಂತು. ಮೂರು ಹನಿವೆಲ್ ಟಿಎಫ್‌ಇ731 ಎಂಜಿನ್. ಮೂರು ಎಂದ ತಕ್ಷಣ ಇಂಧನ ಜಾಸ್ತಿ ಅಂತ ಜನ ಅಂದುಕೊಳ್ಳುತ್ತಾರೆ. ಲೆಕ್ಕ ಉಲ್ಟಾ ಇದೆ. ಜಿ-ಫೋರ್ ಸುಮಾರು 13,400 ಕೆಜಿ ಇಂಧನ ಹೊತ್ತು 4,200 ಮೈಲಿ ಹೋಗುತ್ತದೆ. ಈ ಫಾಲ್ಕನ್ ಸುಮಾರು 9,500 ಕೆಜಿಯಲ್ಲೇ 4,500 ಮೈಲಿ ಹೋಗುತ್ತದೆ. ವಿಮಾನ ಹಗುರ, ರೆಕ್ಕೆ ಚುರುಕು. ಚಿಕ್ಕ ರನ್‌ವೇಯಲ್ಲೂ ಇಳಿಯುತ್ತದೆ. ನಡು ಸಮುದ್ರದಲ್ಲಿ ಒಂದು ಎಂಜಿನ್ ನಿಂತರೂ ಇನ್ನೆರಡು ಇರುತ್ತವೆ ಎಂಬ ನೆಮ್ಮದಿ ಬೇರೆ. ಆದರೆ ಎಂಜಿನ್ ತಪಾಸಣೆ ಬಂದಾಗ ಬಿಲ್ಲೂ ಮೂರು. ಖರೀದಿ ಬೆಲೆಯೂ ಜಿ-ಫೋರ್‌ಗಿಂತ ಜಾಸ್ತಿ, ಅದಕ್ಕೆ ಕಾರಣ ಇದೆ. ನನ್ನನ್ನು ಕೇಳಿದರೆ ಈ ಗುಂಪಿನಲ್ಲಿ ಹೆಚ್ಚು ಸಮಂಜಸವಾದದ್ದು ಇದೇ.

ಚಾಲೆಂಜರ್ 604. ಚಾಲೆಂಜರ್ ವಂಶ ಮೊದಲು ಹಾರಿದ್ದು 1978ರಲ್ಲಿ. 604 ಬಂದದ್ದು 1990ರ ದಶಕದ ನಡುವೆ. ರೇಂಜ್ 4,000 ಮೈಲಿ ಹತ್ತಿರ. ಕ್ಯಾಬಿನ್ ಗಿಡ್ಡ, 8.7 ಮೀಟರ್ ಅಷ್ಟೇ. ಅಗಲ ಮಾತ್ರ ಸುಮಾರು 2.5 ಮೀಟರ್, ಜಿ-ಫೋರ್‌ಗಿಂತಲೂ ಜಾಸ್ತಿ. ಇದರ ದೊಡ್ಡ ಗುಟ್ಟು ಎಂಜಿನ್‌ನಲ್ಲಿದೆ. ಜನರಲ್ ಎಲೆಕ್ಟ್ರಿಕ್‌ನ ಸಿಎಫ್34 ಇದರಲ್ಲಿದೆ. ಅದೇ ಕುಟುಂಬದ ಎಂಜಿನ್ ಸಿಆರ್‌ಜೆ ಎಂಬ ಪ್ರಯಾಣಿಕ ವಿಮಾನದಲ್ಲೂ ಇದೆ. ಆ ಸಿಆರ್‌ಜೆ ಹುಟ್ಟಿದ್ದೇ ಚಾಲೆಂಜರ್ ಅನ್ನು ಉದ್ದ ಮಾಡಿ. ಹಾಗಾಗಿ ಭಾಗ, ಮೆಕ್ಯಾನಿಕ್, ಅನುಭವ ಎಲ್ಲ ಸುಲಭವಾಗಿ ಸಿಗುತ್ತವೆ. ಎಚ್ಚರಿಕೆ ಬೇಕಾದದ್ದು ರೆಕ್ಕೆಯ ವಿಷಯದಲ್ಲಿ. ಇದರ ರೆಕ್ಕೆಯ ಮುಂದಂಚಿನಲ್ಲಿ ಸ್ಲ್ಯಾಟ್ ಇಲ್ಲ, ಅಂದರೆ ನಿಧಾನ ವೇಗದಲ್ಲಿ ರೆಕ್ಕೆಗೆ ಹೆಚ್ಚು ಎತ್ತುವ ಬಲ ಕೊಡುವ ಚಲಿಸುವ ಪಟ್ಟಿ ಇಲ್ಲ. ತೆಳುವಾದ ಹಿಮ ಕೂತರೂ ಸಹಿಸುವುದಿಲ್ಲ. 2002ರ ಜನವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಒಂದು 604 ಟೇಕಾಫ್ ಆಗುವಾಗಲೇ ಬಿದ್ದು ಐದು ಜನ ಸತ್ತರು. ರೆಕ್ಕೆಯ ಮೇಲಿನ ಹಿಮವನ್ನು ತೆಗೆದಿರಲಿಲ್ಲ.

ಜಿ-ಫೈವ್ ಮತ್ತು ಗ್ಲೋಬಲ್ ಎಕ್ಸ್‌ಪ್ರೆಸ್. ಇವೆರಡೂ ಒಂದೇ ಕಾಲದ ಪ್ರತಿಸ್ಪರ್ಧಿಗಳು. ಜಿ-ಫೈವ್ 1995ರಲ್ಲಿ ಹಾರಿತು, ಗ್ಲೋಬಲ್ 1996ರಲ್ಲಿ. ಎರಡರಲ್ಲೂ ಬಿಆರ್710 ಎಂಜಿನ್, ಎರಡೂ 51,000 ಅಡಿ ಏರುತ್ತವೆ, ಎರಡೂ 6,000 ಮೈಲಿ ದಾಟುತ್ತವೆ. ಅಷ್ಟು ಎತ್ತರದಲ್ಲಿ ಬೇರೆ ವಿಮಾನಗಳ ಗದ್ದಲ ಇಲ್ಲ, ಮೋಡಗಳೂ ಹೆಚ್ಚಾಗಿ ಕೆಳಗೇ ಉಳಿಯುತ್ತವೆ. ನಿಜವಾಗಿಯೂ ಖಂಡ ದಾಟುವವರಿಗೆ ಇವು. ಖರ್ಚು ಮಾತ್ರ ಬೇರೆಯದೇ ಮಟ್ಟದ್ದು.

ಇದಕ್ಕಿಂತ ಹಳೆಯ ಜಿ-ಟೂ, ಜಿ-ತ್ರೀಗಳ ಕಡೆ ನೋಡಬೇಡಿ. ಅವುಗಳ ರೋಲ್ಸ್-ರಾಯ್ಸ್ ಸ್ಪೇ ಎಂಜಿನ್‌ನ ಅಬ್ಬರ ಕೇಳಲು ಚೆಂದ. ಆದರೆ ಅಮೆರಿಕ ಅಂಥ ಸದ್ದಿನ ಜೆಟ್‌ಗಳನ್ನು 2015ರ ಡಿಸೆಂಬರ್ 31ರ ನಂತರ ತನ್ನ ಮುಖ್ಯ ಭೂಭಾಗದಲ್ಲಿ ಹಾರಲು ಬಿಡುತ್ತಿಲ್ಲ. ಸದ್ದು ತಗ್ಗಿಸುವ ಕಿಟ್ ಹಾಕಿದವು ಮಾತ್ರ ಉಳಿದುಕೊಂಡವು. ಕಾನೂನು ಒಂದೇ ದಿನದಲ್ಲಿ ಒಳ್ಳೆಯ ವಿಮಾನವನ್ನು ಗುಜರಿ ಮಾಡಬಲ್ಲದು ಎಂಬುದಕ್ಕೆ ಇದು ಉದಾಹರಣೆ.

## ಹಂತ 4: ಗಂಟೆ, ತಿಂಗಳು, ಲ್ಯಾಂಡಿಂಗ್ ಮೂರನ್ನೂ ಓದಿ

ಈ ಹಂತ ಉದ್ದ ಇದೆ. ದುಡ್ಡು ಹೋಗುವುದೂ ಉಳಿಯುವುದೂ ಇಲ್ಲೇ, ಅದಕ್ಕೆ.

ವಿಮಾನದ ನಿರ್ವಹಣೆಗೆ ಮೂರು ಗಡಿಯಾರ ಒಟ್ಟಿಗೆ ಓಡುತ್ತಿರುತ್ತವೆ. ಒಂದು ಹಾರಿದ ಗಂಟೆಗಳದ್ದು. ಇನ್ನೊಂದು ಏರಿ ಇಳಿದ ಸಲಗಳದ್ದು, ಅದನ್ನು ಸೈಕಲ್ ಅನ್ನುತ್ತಾರೆ. ಮೂರನೆಯದು ಕ್ಯಾಲೆಂಡರ್. ಹೊಸಬರು ಗಂಟೆಯೊಂದನ್ನೇ ನೋಡಿ ಮೋಸ ಹೋಗುತ್ತಾರೆ. "ಇಪ್ಪತ್ತೈದು ವರ್ಷಕ್ಕೆ ಬರೀ 4,000 ಗಂಟೆ ಹಾರಿದೆ" ಅಂತ ಮಾರುವವರು ಖುಷಿಯಿಂದ ಹೇಳುತ್ತಾರೆ. ಸುಮ್ನೆ ನಿಂತ ವಿಮಾನದಲ್ಲಿ ಸೀಲುಗಳು ಒಣಗುತ್ತವೆ. ಟ್ಯಾಂಕಿನ ತಳದಲ್ಲಿ ನೀರು ಸೇರಿ ಸೂಕ್ಷ್ಮಜೀವಿ ಬೆಳೆದು ಲೋಹ ತಿನ್ನುತ್ತದೆ. ಸಮುದ್ರದ ಹತ್ತಿರ ನಿಂತಿದ್ದರೆ ಉಪ್ಪುಗಾಳಿ ಇನ್ನೊಂದು ಕಡೆಯಿಂದ ಕೆಲಸ ಮಾಡುತ್ತದೆ. ತಿಂಗಳ ಲೆಕ್ಕದ ತಪಾಸಣೆ ಹಾರದಿದ್ದರೂ ಬರುತ್ತದೆ. ವಾರಕ್ಕೊಮ್ಮೆ ಹಾರುತ್ತಾ, ಒಂದೇ ಕಡೆ ಒಳ್ಳೆಯ ಕೈಯಲ್ಲಿ ನಿರ್ವಹಣೆ ಆದ 9,000 ಗಂಟೆಯ ವಿಮಾನ ಎಷ್ಟೋ ವಾಸಿ.

ಮಾರುವವರಿಂದ ಮುಂದಿನ ಐದು ವರ್ಷದ ತಪಾಸಣೆಗಳ ಪಟ್ಟಿ ಕೇಳಿ. ನಿರ್ವಹಣೆಯನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವ ಸೇವೆ ಇದ್ದರೆ ಇದು ಹತ್ತು ನಿಮಿಷದ ಕೆಲಸ. ಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ಆ ಪಟ್ಟಿಯಲ್ಲಿ ಇವುಗಳಿಗೆ ಗೆರೆ ಹಾಕಿ:

- ವಿಮಾನದ ಒಳಮೈ ಬಿಚ್ಚುವ ದೊಡ್ಡ ತಪಾಸಣೆ ಯಾವಾಗ
- ಲ್ಯಾಂಡಿಂಗ್ ಗೇರ್ ಬಿಚ್ಚಿ ಹೊಸದಾಗಿ ಜೋಡಿಸುವ ಗಡುವು
- ಪ್ರತಿ ಎಂಜಿನ್‌ನ ಮುಂದಿನ ದೊಡ್ಡ ಕೆಲಸ, ಮತ್ತು ಆಯಸ್ಸು ನಿಗದಿಯಾದ ಭಾಗಗಳ ಉಳಿಕೆ
- ಬಾಲದಲ್ಲಿರುವ ಸಹಾಯಕ ಎಂಜಿನ್, ಅಂದರೆ ಎಪಿಯು, ಅದರ ಸ್ಥಿತಿ

ಎಂಜಿನ್‌ನ ಒಳಗಿನ ತಿರುಗುವ ಡಿಸ್ಕ್‌ಗಳಿಗೆ ಸೈಕಲ್ ಲೆಕ್ಕದಲ್ಲಿ ಆಯಸ್ಸು ಇರುತ್ತದೆ. ಎಷ್ಟೇ ಚೆನ್ನಾಗಿ ಕಂಡರೂ ಗಡುವು ಬಂದ ದಿನ ತೆಗೆಯಲೇಬೇಕು. ಫಾಲ್ಕನ್‌ನ ಟಿಎಫ್‌ಇ731 ಎಂಜಿನ್‌ಗೆ ಎರಡು ದೊಡ್ಡ ತಪಾಸಣೆ ಇವೆ. ಒಂದು ಮೇಜರ್ ಪೀರಿಯಾಡಿಕ್ ಇನ್‌ಸ್ಪೆಕ್ಷನ್, ಇನ್ನೊಂದು ಅದಕ್ಕಿಂತ ಆಳಕ್ಕೆ ಹೋಗುವ ಕೋರ್ ಝೋನ್ ಇನ್‌ಸ್ಪೆಕ್ಷನ್. ಮೂರೂ ಎಂಜಿನ್‌ಗೆ ಎರಡನೆಯದು ಹತ್ತಿರ ಬಂದಿರುವ ಫಾಲ್ಕನ್ ಅಗ್ಗವಾಗಿ ಸಿಕ್ಕರೆ, ಅದು ಅಗ್ಗ ಅಲ್ಲ.

ಇಲ್ಲಿ ಎಂಜಿನ್ ಪ್ರೋಗ್ರಾಂ ಎಂಬುದು ಬರುತ್ತದೆ. ಹಾರಿದ ಪ್ರತಿ ಗಂಟೆಗೂ ಒಂದು ಮೊತ್ತ ಕಟ್ಟುತ್ತಾ ಹೋಗುವುದು. ದೊಡ್ಡ ಕೆಲಸ ಬಂದಾಗ ಅವರೇ ನೋಡಿಕೊಳ್ಳುತ್ತಾರೆ. ರೋಲ್ಸ್-ರಾಯ್ಸ್‌ನ ಕಾರ್ಪೊರೇಟ್‌ಕೇರ್, ಹನಿವೆಲ್‌ನ ಎಂಎಸ್‌ಪಿ, ಯಾವ ತಯಾರಕರಿಗೂ ಸೇರದ ಜೆಎಸ್‌ಎಸ್‌ಐ ಇಂಥವು. ಹಳೆಯ ವಿಮಾನದಲ್ಲಿ ಇದು ಸುಮ್ನೆ ವಿಮೆಯಲ್ಲ. ಎಂಜಿನ್ ಓವರ್‌ಹಾಲ್, ಅಂದರೆ ಪೂರ್ತಿ ಬಿಚ್ಚಿ ಸರಿಮಾಡುವ ವೆಚ್ಚ, ಇಡೀ ವಿಮಾನದ ಬೆಲೆಯನ್ನೇ ಮುಟ್ಟುವ ವಯಸ್ಸಿನಲ್ಲಿ, ಪ್ರೋಗ್ರಾಂನಲ್ಲಿರುವ ಜೆಟ್ ಮತ್ತು ಇಲ್ಲದ ಜೆಟ್ ಎರಡೂ ಬೇರೆ ಬೇರೆ ಸರಕು. ಹಿಂದಿನ ಮಾಲೀಕರು ಬಾಕಿ ಉಳಿಸಿದ್ದಾರಾ, ಒಪ್ಪಂದ ನಿಮ್ಮ ಹೆಸರಿಗೆ ಬದಲಾಗುತ್ತದಾ, ತುಕ್ಕು ಮತ್ತು ಹೊರಗಿನ ವಸ್ತು ಬಡಿದ ಹಾನಿ ಅದರಲ್ಲಿ ಸೇರಿದೆಯಾ, ಈ ಮೂರನ್ನೂ ಕಂಪನಿಯಿಂದಲೇ ಬರಹದಲ್ಲಿ ಪಡೆಯಿರಿ.

ಆಮೇಲೆ ಒಂದು ಕೂಡುಲೆಕ್ಕ. ಕೇಳುವ ಬೆಲೆಗೆ ಮುಂದಿನ ಎರಡು ವರ್ಷದ ದೊಡ್ಡ ಕೆಲಸಗಳ ವೆಚ್ಚ ಸೇರಿಸಿ. ಅದು ನಿಜವಾದ ಬೆಲೆ. ತಪಾಸಣೆಗೆ ಹೇಳುವ ದರ ಬರೀ ತೆರೆದು ನೋಡುವುದಕ್ಕೆ. ಒಳಗೆ ಸಿಕ್ಕಿದ್ದನ್ನು ಸರಿಮಾಡುವುದು ಬೇರೆ ಬಿಲ್ಲು. ಹಳೆಯ ವಿಮಾನದಲ್ಲಿ ಏನಾದರೂ ಸಿಕ್ಕೇ ಸಿಗುತ್ತದೆ. ಈ ಎರಡನೇ ಬಿಲ್ಲು ಮೊದಲನೆಯದರಷ್ಟೇ ಆಗಬಹುದು ಅಂತ ಹಿಡಿದುಕೊಳ್ಳುವುದು ಕ್ಷೇಮ. ಹೀಗೆ ನೋಡಿದಾಗ ಇಪ್ಪತ್ತು ಲಕ್ಷ ಡಾಲರ್ ಜಾಸ್ತಿ ಕೇಳುತ್ತಿದ್ದ ವಿಮಾನವೇ ಅಗ್ಗವಾಗಿ ಕಾಣುವುದುಂಟು.

## ಹಂತ 5: ಕಾಗದಪತ್ರ

ಲಾಗ್‌ಬುಕ್ ಕಳೆದುಹೋದ ವಿಮಾನ ಎಷ್ಟೇ ಹೊಳೆಯುತ್ತಿದ್ದರೂ ಬಿಡಿ. ತಯಾರಾದ ದಿನದಿಂದ ಇವತ್ತಿನವರೆಗೆ ಪುಟಗಳು ಮುರಿಯದೆ ಇರಬೇಕು. ಆಯಸ್ಸು ನಿಗದಿಯಾದ ಪ್ರತಿ ಭಾಗಕ್ಕೂ ಹುಟ್ಟಿನಿಂದ ಇಲ್ಲಿಯ ತನಕದ ಜಾಡು ಸಿಗಬೇಕು. ಅಪಘಾತ, ಹ್ಯಾಂಗರ್‌ನಲ್ಲಿ ಗುದ್ದಿದ್ದು, ಸಿಡಿಲು ಬಡಿದದ್ದು, ಎಲ್ಲಕ್ಕೂ ರಿಪೇರಿಯ ದಾಖಲೆ ಮತ್ತು ಒಪ್ಪಿಗೆ ಇರಬೇಕು. ಹಲವು ದೇಶಗಳ ನೋಂದಣಿಯಲ್ಲಿ ಓಡಾಡಿದ ವಿಮಾನವಾದರೆ ಬೇರೆ ಭಾಷೆಯ ದಾಖಲೆಗಳೂ ಇರುತ್ತವೆ. ಅವನ್ನು ಓದಬಲ್ಲವರಿಂದ ಓದಿಸಿ. ಕಡ್ಡಾಯ ಸುರಕ್ಷತಾ ಆದೇಶಗಳು ಎಲ್ಲವೂ ಪೂರೈಸಿವೆಯೇ ಎಂಬ ಪಟ್ಟಿಯನ್ನೂ ಕೇಳಿ.

ನೀವು ನೋಂದಣಿ ಮಾಡಿಸುವ ದೇಶದ ನಿಯಮ ಮೊದಲೇ ವಿಚಾರಿಸಿ. ವಿಮಾನದ ವಯಸ್ಸಿಗೆ ಮಿತಿ ಹಾಕಿರುವ ದೇಶಗಳಿವೆ. ಒಂದು ದೇಶ ಒಪ್ಪಿದ ಮಾರ್ಪಾಡನ್ನು ಇನ್ನೊಂದು ಒಪ್ಪಬೇಕೆಂದಿಲ್ಲ.

## ಹಂತ 6: ಕಾಕ್‌ಪಿಟ್ ಇಂದಿನ ಆಕಾಶಕ್ಕೆ ಸಲ್ಲುತ್ತದಾ?

ಜಿ-ಫೋರ್ ಬಂದ ಕಾಲಕ್ಕೆ ಅದರ ಕಾಕ್‌ಪಿಟ್ ದೊಡ್ಡ ಸುದ್ದಿ. ಎಂಟು ಇಂಚಿನ ಆರು ಬಣ್ಣದ ಪರದೆ! ಆ ಪರದೆಗಳು ಹಳೆಯ ಟಿವಿಯಂತೆ ಪಿಕ್ಚರ್ ಟ್ಯೂಬ್‌ನವು. ಈಗ ಅವನ್ನು ರಿಪೇರಿ ಮಾಡುವವರು ಕಡಿಮೆ, ಭಾಗ ಇನ್ನೂ ಕಡಿಮೆ. ಎಲ್‌ಸಿಡಿಗೆ ಬದಲಾಯಿಸಿದ ವಿಮಾನ ಸಿಕ್ಕರೆ ಜಾಸ್ತಿ ಕೊಟ್ಟಾದರೂ ತೆಗೆದುಕೊಳ್ಳಿ. ನೀವೇ ಹಾಕಿಸಲು ಹೊರಟರೆ ಆ ದುಡ್ಡು ಮರುಮಾರಾಟದಲ್ಲಿ ಪೂರ್ತಿ ವಾಪಸ್ ಬರುವುದಿಲ್ಲ. ಬೇರೆಯವರು ಹಾಕಿಸಿದ ಅಪ್‌ಗ್ರೇಡ್ ಕೊಳ್ಳುವುದರಲ್ಲಿ ಜಾಣತನ ಇದೆ.

ಪರದೆಗಿಂತ ಮುಖ್ಯ ಸಂಪರ್ಕ ಸಾಧನಗಳು. ವಿಮಾನ ತನ್ನ ಜಾಗವನ್ನು ತಾನೇ ಸಾರುವ ಎಡಿಎಸ್-ಬಿ ಅಮೆರಿಕದಲ್ಲಿ 2020ರ ಜನವರಿ 1ರಿಂದ ಬೇಕು. 29,000ದಿಂದ 41,000 ಅಡಿಯ ನಡುವೆ ವಿಮಾನಗಳು ಸಾವಿರ ಅಡಿ ಅಂತರದಲ್ಲಿ ಹಾರುತ್ತವೆ. ಅದಕ್ಕೆ ಆರ್‌ವಿಎಸ್‌ಎಂ ಅನುಮತಿ ಬೇಕು. ಉತ್ತರ ಅಟ್ಲಾಂಟಿಕ್‌ನಲ್ಲಿ ಇದೇ ಎತ್ತರಗಳಿಗೆ ನಿಯಂತ್ರಕರ ಜೊತೆ ಅಕ್ಷರದ ಸಂದೇಶದಲ್ಲಿ ಮಾತಾಡುವ ಫ್ಯಾನ್ಸ್ ವ್ಯವಸ್ಥೆಯೂ ಬೇಕು. ಇಲ್ಲದಿದ್ದರೆ? 29,000ಕ್ಕಿಂತ ಕೆಳಗೆ ಹೋಗಬೇಕು. ಅಲ್ಲಿ ಇಂಧನ ಸುರಿದು ಹೋಗುತ್ತದೆ, ಕೊಂಡ ರೇಂಜ್ ಎಲ್ಲ ನೀರುಪಾಲು. ಇಲ್ಲವೇ 41,000ಕ್ಕಿಂತ ಮೇಲೆ ಹೋಗಬೇಕು. ಟ್ಯಾಂಕ್ ತುಂಬಿಕೊಂಡು ಹೊರಟ ಜಿ-ಫೋರ್ ಶುರುವಿನಲ್ಲೇ ಅಷ್ಟು ಎತ್ತರ ಏರುವುದು ಕಷ್ಟ. ಹಾಗಾಗಿ ಸಾಗರ ದಾಟಲೆಂದು ಕೊಳ್ಳುವ ವಿಮಾನದಲ್ಲಿ ಫ್ಯಾನ್ಸ್ ಇಲ್ಲ ಎಂದರೆ ಅದರ ವೆಚ್ಚ ಬೆಲೆಯಿಂದ ಕಳೆಯಿರಿ, ಇಲ್ಲವೇ ಮುಂದಿನ ವಿಮಾನ ನೋಡಿ.

## ಹಂತ 7: ಕ್ಯಾಬಿನ್

ಬೇಗ ಮುಗಿಸೋಣ. ಚರ್ಮ, ಕಾರ್ಪೆಟ್, ಮರದ ಹೊಳಪು ಇವಕ್ಕೆ ಮನಸ್ಸು ಕೊಡಬೇಡಿ. ಎಲ್ಲವೂ ಬದಲಾಗುತ್ತವೆ. ಹೊಸ ಬಟ್ಟೆಗೂ ಚರ್ಮಕ್ಕೂ ಬೆಂಕಿ ನಿರೋಧಕ ಪರೀಕ್ಷೆಯ ಪತ್ರ ಇದೆಯಾ ನೋಡಿ, ಸಾಕು. ಸತ್ತುಹೋದ ವಿಡಿಯೋ ಪ್ಲೇಯರ್, ಉಪಯೋಗಕ್ಕೆ ಬಾರದ ಟೆಲಿಫೋನ್, ಅವುಗಳ ವೈರು ಇವನ್ನೆಲ್ಲ ಕಿತ್ತರೆ ತೂಕವೂ ಇಳಿಯುತ್ತದೆ. ಇಂಟರ್ನೆಟ್ ಬೇಕೆಂದರೆ ಆ ಮಾದರಿಗೆ ಒಪ್ಪಿಗೆ ಸಿಕ್ಕ ಉಪಗ್ರಹ ಆಂಟೆನಾ ಇದೆಯಾ ಅಂತ ವಿಚಾರಿಸಿ. ಹಳೆಯ ಮಾದರಿಗಳಲ್ಲಿ ಜನಪ್ರಿಯವಾದವಕ್ಕೆ ಮಾತ್ರ ಇಂಥ ಒಪ್ಪಿಗೆ ತರುವ ಶ್ರಮ ಯಾರಾದರೂ ಪಡುತ್ತಾರೆ. ಅಪರೂಪದ ಮಾದರಿ ಕೊಳ್ಳಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ.

## ಹಂತ 8: ಖರೀದಿಗೆ ಮುನ್ನಿನ ತಪಾಸಣೆ ಮತ್ತು ಒಪ್ಪಂದ

ಕ್ರಮ ಹೀಗಿರುತ್ತದೆ. ಮೊದಲು ಕೊಳ್ಳುವ ಇಚ್ಛೆ ತಿಳಿಸುವ ಉದ್ದೇಶ ಪತ್ರ. ಆಮೇಲೆ ಮುಂಗಡ ಹಣವನ್ನು ಮೂರನೆಯವರಾದ ಎಸ್ಕ್ರೋ ಏಜೆಂಟ್ ಬಳಿ ಇಡುವುದು. ಅಮೆರಿಕದ ನೋಂದಣಿ ಕಚೇರಿ ಓಕ್ಲಹೋಮ ಸಿಟಿಯಲ್ಲಿದೆ, ಆದ್ದರಿಂದ ಈ ಏಜೆಂಟರೂ ಹೆಚ್ಚಾಗಿ ಅಲ್ಲೇ. ಮುಂಗಡ ವಾಪಸ್ ಪಡೆಯುವ ಹಕ್ಕು ತಪಾಸಣೆ ಮುಗಿದು ನೀವು ಬರಹದಲ್ಲಿ ಒಪ್ಪುವವರೆಗೂ ಇರಲಿ. ನಂತರ ಖರೀದಿ ಒಪ್ಪಂದ, ತಪಾಸಣೆ, ಪರೀಕ್ಷಾ ಹಾರಾಟ, ದೋಷಗಳ ಪಟ್ಟಿ. ಹಾರಾಟ ಯೋಗ್ಯತೆಗೆ ಅಡ್ಡಿಯಾಗುವ ದೋಷಗಳನ್ನು ಮಾರುವವರು ಸರಿಮಾಡಬೇಕು, ಉಳಿದದ್ದು ಚೌಕಾಸಿ. ಎಲ್ಲ ಮುಗಿದ ಮೇಲೆ ಹಣ, ಹಕ್ಕು ಬದಲಾವಣೆ.

ತಪಾಸಣೆಗೆ ಜಾಗ ಆರಿಸುವಾಗ ಒಂದು ವಿಷಯದಲ್ಲಿ ಬಗ್ಗಬೇಡಿ. ಆ ವಿಮಾನವನ್ನು ಇಷ್ಟು ವರ್ಷ ನೋಡಿಕೊಂಡ ಕಾರ್ಯಾಗಾರದಲ್ಲಿ ಮಾಡಿಸಬೇಡಿ. ತಮ್ಮದೇ ಕೆಲಸದಲ್ಲಿ ತಪ್ಪು ಹುಡುಕುವುದು ಯಾರಿಗೂ ಸುಲಭ ಅಲ್ಲ. ಆ ಮಾದರಿಯಲ್ಲಿ ಪಳಗಿದ ಬೇರೆ ಜಾಗ ನೋಡಿ. ನಿಮ್ಮ ಪರವಾಗಿ ಒಬ್ಬ ತಾಂತ್ರಿಕ ಪ್ರತಿನಿಧಿ ಇಡೀ ದಿನ ಅಲ್ಲೇ ಇರಲಿ.

ಏನೇನು ನೋಡಿಸಬೇಕು? ಎಂಜಿನ್‌ಗಳ ಒಳಗೆ ಬೋರೋಸ್ಕೋಪ್ ಎಂಬ ತೆಳು ಕ್ಯಾಮೆರಾ ಕೊಳವೆ ಇಳಿಸಿ ಬ್ಲೇಡ್‌ಗಳ ಚಿತ್ರ ತೆಗೆಸಿ. ಎಂಜಿನ್‌ನ ಹಿಂದಿನ ವರ್ಷಗಳ ತಾಪಮಾನ ಮತ್ತು ಒತ್ತಡದ ದಾಖಲೆ, ಎಣ್ಣೆಯ ಪರೀಕ್ಷಾ ವರದಿ ಕೇಳಿ. ಅಡುಗೆ ಕಟ್ಟೆ ಮತ್ತು ಶೌಚಾಲಯದ ಕೆಳಗಿನ ನೆಲ ಎತ್ತಿಸಿ ನೋಡಿ. ವರ್ಷಗಟ್ಟಲೆ ಕಾಫಿ, ಜ್ಯೂಸ್, ಶೌಚಾಲಯದ ದ್ರವ ಸೋರಿ ಅಲ್ಲೇ ಅಲ್ಯೂಮಿನಿಯಂ ಕೊಳೆಯುವುದು. ನೆಲ ಎತ್ತುವುದು ತುಂಬಾ ಕೆಲಸ, ಬೇಡ ಅಂತ ಯಾರಾದರೂ ಹೇಳಿದರೆ ಅಲ್ಲೇ ಎತ್ತಿಸಿ. ಇಂಧನ ಟ್ಯಾಂಕಿನ ಸೋರಿಕೆ, ಗೇರ್‌ನ ತುಕ್ಕು, ಕ್ಯಾಬಿನ್ ಒತ್ತಡ ಹಿಡಿಯುತ್ತದಾ ಎಂಬ ಪರೀಕ್ಷೆ ಇವೆಲ್ಲ ಪಟ್ಟಿಯಲ್ಲಿರಲಿ. ಪರೀಕ್ಷಾ ಹಾರಾಟ ಕೆಳಗೇ ಒಂದು ಸುತ್ತು ಹಾಕಿ ಬರುವುದಲ್ಲ. ನೀವು ನಿಜವಾಗಿ ಹಾರುವ ಎತ್ತರಕ್ಕೆ ಏರಿಸಿ, ಪ್ರತಿಯೊಂದು ಸಾಧನವನ್ನೂ ಹಾಕಿ ನೋಡಿ.

ಹಕ್ಕಿನ ವಿಷಯದಲ್ಲಿ ಎರಡು ಕಡೆ ಹುಡುಕಬೇಕು. ಒಂದು ನೋಂದಣಿ ದೇಶದ ದಾಖಲೆ. ಇನ್ನೊಂದು ಅಂತರರಾಷ್ಟ್ರೀಯ ರಿಜಿಸ್ಟ್ರಿ. 2001ರ ಕೇಪ್‌ಟೌನ್ ಒಡಂಬಡಿಕೆಯಿಂದ ಹುಟ್ಟಿದ ಈ ದಾಖಲೆ ಡಬ್ಲಿನ್‌ನಿಂದ ನಡೆಯುತ್ತದೆ. ಹಳೆಯ ಬ್ಯಾಂಕ್ ಸಾಲ, ಕೂಲಿ ಬಾಕಿಗಾಗಿ ಕಾರ್ಯಾಗಾರ ಹಾಕಿದ ಹಕ್ಕು, ಇವು ಹತ್ತು ವರ್ಷ ಹಿಂದಿನವಾದರೂ ನಿಮ್ಮ ಕೊರಳಿಗೆ ಬೀಳಬಹುದು.

## ಹಂತ 9: ಪೈಲಟ್‌ಗಳು

ಹಳೆಯ ಮಾದರಿಗಳಿಗೆ ತರಬೇತಿ ಸಿಮ್ಯುಲೇಟರ್‌ಗಳು ಕಡಿಮೆಯಾಗುತ್ತಾ ಬರುತ್ತವೆ, ಆ ಮಾದರಿ ಹಾರಿಸುವವರೂ ನಿವೃತ್ತರಾಗುತ್ತಾರೆ. ವಿಮಾ ಕಂಪನಿಗಳು ಸಾಮಾನ್ಯವಾಗಿ ನಿಯಮಿತ ಸಿಮ್ಯುಲೇಟರ್ ತರಬೇತಿ ಕೇಳುತ್ತವೆ. ವಿಮಾನಕ್ಕೆ ಸಹಿ ಹಾಕುವ ಮೊದಲು ಇಬ್ಬರು ಪೈಲಟ್‌ಗಳ ಹೆಸರು ನಿಮ್ಮ ಕೈಯಲ್ಲಿರಬೇಕು.

ಪೈಲಟ್‌ಗಳ ಶಿಸ್ತನ್ನೂ ನೋಡಿ. 2014ರ ಮೇ 31ರಂದು ಮ್ಯಾಸಚೂಸೆಟ್ಸ್‌ನ ಬೆಡ್‌ಫೋರ್ಡ್‌ನಲ್ಲಿ ಒಂದು ಜಿ-ಫೋರ್ ರನ್‌ವೇ ಬಿಟ್ಟು ಮೇಲೇಳಲೇ ಇಲ್ಲ. ವಿಮಾನದಲ್ಲಿದ್ದ ಏಳೂ ಜನ ಸತ್ತರು. ವಿಮಾನ ನಿಂತಿರುವಾಗ ರೆಕ್ಕೆ, ಬಾಲದ ಚಲಿಸುವ ಭಾಗಗಳು ಗಾಳಿಗೆ ಅಲ್ಲಾಡದಂತೆ ಹಾಕುವ ಗಸ್ಟ್ ಲಾಕ್ ತೆಗೆದಿರಲಿಲ್ಲ. ಹೊರಡುವ ಮೊದಲು ನಿಯಂತ್ರಣಗಳನ್ನು ಪೂರ್ತಿ ಆಡಿಸಿ ನೋಡಿದ್ದರೆ ಗೊತ್ತಾಗುತ್ತಿತ್ತು. ತನಿಖೆಯಲ್ಲಿ ಇನ್ನೊಂದು ವಿಷಯ ಹೊರಬಂತು. ಅದಕ್ಕೂ ಮೊದಲಿನ 175 ಟೇಕಾಫ್‌ಗಳಲ್ಲಿ ನೂರಕ್ಕೆ 98ರಷ್ಟು ಸಲ ಆ ಪರೀಕ್ಷೆ ಪೂರ್ತಿ ಮಾಡಿರಲಿಲ್ಲ. ಹಲವು ವರ್ಷ ಒಂದೇ ವಿಮಾನ, ಒಂದೇ ಜೋಡಿ, ಸಲಿಗೆ ಬೆಳೆದುಬಿಡುತ್ತದೆ. ಹಾರಾಟದ ದತ್ತಾಂಶವನ್ನು ಹೊರಗಿನವರಿಂದ ಆಗಾಗ ಪರಿಶೀಲಿಸುವ ವ್ಯವಸ್ಥೆ ಇದ್ದರೆ ಇಂಥದ್ದು ಬೇಗ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಖರ್ಚೂ ಹೆಚ್ಚಿಲ್ಲ.

## ಹಂತ 10: ಬಿಡುವ ದಿನವನ್ನು ಕೊಳ್ಳುವ ದಿನವೇ ಗುರುತಿಸಿ

ಹಳೆಯ ಜೆಟ್ ಕೊಂಡವರು ಎಡವುವುದು ಇಲ್ಲೇ. ಒಂದು ದೊಡ್ಡ ತಪಾಸಣೆ ಬರುತ್ತದೆ. ಇಷ್ಟು ಹಾಕಿದ್ದೇವೆ, ಇನ್ನೊಂದಿಷ್ಟು ಹಾಕೋಣ ಅಂತ ಹಾಕುತ್ತಾರೆ. ಆರು ತಿಂಗಳಿಗೆ ಎಂಜಿನ್ ಬರುತ್ತದೆ. ವಿಮಾನದ ಬೆಲೆ ಎರಡರಿಂದಲೂ ಒಂದು ರೂಪಾಯಿಯಷ್ಟೂ ಏರಿರುವುದಿಲ್ಲ.

ಆದ್ದರಿಂದ ಹಂತ 4ರ ಪಟ್ಟಿ ಮತ್ತೆ ತೆಗೆಯಿರಿ. ದೊಡ್ಡ ತಪಾಸಣೆ, ಲ್ಯಾಂಡಿಂಗ್ ಗೇರ್, ಎಂಜಿನ್ ಈ ಮೂರರಲ್ಲಿ ಎರಡು ಒಂದೇ ಹೊತ್ತಿಗೆ ಬೀಳುವ ತಿಂಗಳು ಯಾವುದು ನೋಡಿ. ಆ ತಿಂಗಳಿಗೆ ಒಂದು ವರ್ಷ ಮುಂಚೆ ಮಾರಲು ಇಡಿ. ಕೊಳ್ಳುವವರು ಸಿಗದಿದ್ದರೆ ಬಿಡಿಭಾಗಕ್ಕೆ ಬಿಚ್ಚುವ ಕಂಪನಿಗಳನ್ನು ಕೇಳಿ. ಅದರಲ್ಲಿ ಅವಮಾನ ಏನಿಲ್ಲ. ಎಂಜಿನ್‌ನಲ್ಲಿ ಗಂಟೆಗಳು ಉಳಿದಿದ್ದರೆ ಇಡೀ ವಿಮಾನಕ್ಕಿಂತ ಬಿಚ್ಚಿದ ವಿಮಾನಕ್ಕೇ ಜಾಸ್ತಿ ಬೆಲೆ ಬರಬಹುದು. ಎಂಜಿನ್, ಎಪಿಯು, ಗೇರ್, ಕಾಕ್‌ಪಿಟ್ ಪರದೆ ಒಂದೊಂದಕ್ಕೂ ಗಿರಾಕಿ ಇದ್ದಾರೆ. ಅವರು ಮೊದಲು ಕೇಳುವುದು ಆ ಭಾಗದ ದಾಖಲೆ. ಹಾಗಾಗಿ ವಿಮಾನ ನಿಮ್ಮ ಕೈಯಲ್ಲಿರುವಷ್ಟು ದಿನ ಪ್ರತಿ ಕೆಲಸದ ಕಾಗದವನ್ನೂ ಆಯಾ ವಾರವೇ ಸೇರಿಸಿ, ಸ್ಕ್ಯಾನ್ ಮಾಡಿ, ಮೂಲ ಪ್ರತಿಯನ್ನು ಬೆಂಕಿ ತಾಗದ ಕಪಾಟಿನಲ್ಲಿಡಿ. ಪತ್ರ ಇಲ್ಲದ ಲ್ಯಾಂಡಿಂಗ್ ಗೇರ್‌ಗೆ ಸಿಗುವುದು ಲೋಹದ ತೂಕದ ದರ.